ವ್ಯಾನಿನ ರಿಪೀಟರ್: ಇಗ್ನಿಷನ್ ಸೆನ್ಸ್, ಪ್ರಯಾರಿಟಿ ಎರಡೂ ಆನ್ ಮಾಡಿದ ಮೇಲೆ ಸಿಳ್ಳೆ, ಜೊತೆಗೆ ಲಾಕ್

ಗುಡ್ಡದ_ದನಿ

ತಲೆ ಕೆಟ್ಟು ಕೂತಿದ್ದೇನೆ, ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ. ನಮ್ಮದು ಹುಡುಕಾಟದ ತಂಡ. ವ್ಯಾನಿನಲ್ಲಿ ವಿಹೆಚ್‌ಎಫ್ (2 ಮೀಟರ್ ಬ್ಯಾಂಡ್) ಮೊಬೈಲ್ ರಿಗ್, ಅಂದರೆ ಗಾಡಿಯ ರೇಡಿಯೋ ಇದೆ, ಅದಕ್ಕೆ ಯುಹೆಚ್‌ಎಫ್ (70 ಸೆಂಟಿಮೀಟರ್ ಬ್ಯಾಂಡ್) ರಿಪೀಟರ್, ಅಂದರೆ ಒಂದು ಕಡೆ ಕೇಳಿದ್ದನ್ನು ಇನ್ನೊಂದು ಕಡೆ ದಾಟಿಸುವ ಪೆಟ್ಟಿಗೆ ಜೋಡಿಸಿದ್ದೇವೆ. ನಡೆದು ಹೋದವರ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್ಟು) ವ್ಯಾನಿಗೆ ಮುಟ್ಟಿದರೆ ಸಾಕು, ಅಲ್ಲಿಂದ ಬೇಸ್‌ಗೆ 50 ವಾಟಿನಲ್ಲಿ ಹೋಗುತ್ತದೆ.

ಮೊದಲು ಬೇಕೇ ಬೇಕಾದ ವೈರುಗಳನ್ನಷ್ಟೇ ಹಾಕಿದ್ದೆವು. ಸಪ್ಲೈ, ಪಿಟಿಟಿ (ರಿಗ್ ಕಳಿಸಲು ಶುರು ಮಾಡಿಸುವ ವೈರ್), ಹೋಗುವ ಆಡಿಯೋ, ಬರುವ ಆಡಿಯೋ, ಸಿಒಆರ್ (ರಿಗ್ಗಿಗೆ ಸಿಗ್ನಲ್ ಬಂದಿದೆ ಅಂತ ರಿಪೀಟರ್‌ಗೆ ಹೇಳುವ ವೈರ್). ಚೆನ್ನಾಗೇ ಓಡುತ್ತಿತ್ತು. ಆಮೇಲೆ ಆಪ್ಷನ್‌ಗಳನ್ನೂ ಜೋಡಿಸಿದೆವು. ಗಾಡಿಯ ಕೀ ತಿರುಗಿಸಿದಾಗ ರಿಪೀಟರ್ ಆನ್ ಆಗಲು ಇಗ್ನಿಷನ್ ಸೆನ್ಸ್ ವೈರ್ ಎಳೆದೆವು, ಪ್ರೋಗ್ರಾಮಿಂಗ್‌ನಲ್ಲಿ ಪ್ರಯಾರಿಟಿ (ರಿಪೀಟರ್‌ಗಳಿಗೆ ಸರದಿ ಕೊಡುವ ಆಪ್ಷನ್) ಆನ್ ಮಾಡಿದೆವು, ಕೀ ತೆಗೆದ ಮೇಲೆ 30 ನಿಮಿಷ ಓಡುವ ಹಾಗೆ ಆಫ್ ಡಿಲೇ ಇಟ್ಟೆವು. ಅಲ್ಲಿಂದ ಎರಡು ಕಾಟ ಶುರುವಾಗಿದೆ.

ಒಂದು, ಹ್ಯಾಂಡಿಯಿಂದ ಮಾತಾಡಿದರೆ ಬೇಸ್‌ನಲ್ಲಿ ಮಾತಿನ ಜೊತೆ ಸಿಳ್ಳೆ ಕೇಳುತ್ತದೆ. ಮಾತು ಒಡೆದು ಚೂರುಚೂರು. ಪ್ರತಿ ಸಲ ಅಲ್ಲ, ಆದರೆ ಬೇಕಾದಾಗಲೇ ಬರುತ್ತದೆ.

ಎರಡು, ಬೇಸ್‌ನವರು ಮಾತು ನಿಲ್ಲಿಸಿದ ಮೇಲೂ ರಿಪೀಟರ್ ಯುಹೆಚ್‌ಎಫ್ ಕಡೆ ಕಳಿಸುವುದನ್ನು ನಿಲ್ಲಿಸುವುದಿಲ್ಲ, ಲಾಕ್ ಆಗುತ್ತದೆ. 3 ನಿಮಿಷದ ಟೈಮ್‌ಔಟ್ ಬಂದಾಗ ಬಿಡುತ್ತದೆ. ಅಷ್ಟು ಹೊತ್ತು ಹ್ಯಾಂಡಿಯವರು ಎಷ್ಟು ಕರೆದರೂ ಹೋಗುವುದಿಲ್ಲ. ಟೈಮ್‌ಔಟ್ ಆದ ಮೇಲೆ ಬೇಸ್ ಮತ್ತೆ ಕರೆದರೆ ಹ್ಯಾಂಡಿಗೆ ಏನೂ ಬರುವುದಿಲ್ಲ.

ಕಾಡಿನೊಳಗೆ ಜನ ಇದ್ದಾಗ ಹೀಗಾದರೆ ಏನು ಮಾಡುವುದು ಹೇಳಿ. ವೈರಿಂಗ್ ಎಲ್ಲ ಮ್ಯಾನ್ಯುಯಲ್ ಪ್ರಕಾರವೇ ಇದೆ, ಪಿನ್ ಪಿನ್ ಚೆಕ್ ಮಾಡಿದ್ದೇವೆ.

ಮುಕ್ಕಾಲು_ವೇವ್

ಇದು ಹಾರ್ಮೋನಿಕ್ (ಕಳಿಸುವ ಫ್ರೀಕ್ವೆನ್ಸಿಯ ಎರಡು ಪಟ್ಟು, ಮೂರು ಪಟ್ಟಿನಲ್ಲಿ ಸೋರುವ ಸಿಗ್ನಲ್), ನೂರಕ್ಕೆ ನೂರು. 2 ಮೀಟರಿನ ಮೂರನೇ ಹಾರ್ಮೋನಿಕ್ ನೇರ 70 ಸೆಂಟಿಮೀಟರ್ ಬ್ಯಾಂಡಿಗೆ ಬೀಳುತ್ತದೆ. 145ನ್ನು 3ರಿಂದ ಗುಣಿಸಿ, 435.

ಲೆಕ್ಕ ನೋಡಿ. 50 ವಾಟ್ ಅಂದರೆ +47 ಡಿಬಿಎಂ (ಒಂದು ಮಿಲಿವಾಟಿಗೆ ಹೋಲಿಸಿದ ಡೆಸಿಬೆಲ್). ರಿಗ್ ಒಳ್ಳೆಯದೇ ಇದ್ದು ಹಾರ್ಮೋನಿಕ್ 60 ಡಿಬಿ ಕೆಳಗಿದ್ದರೂ −13 ಡಿಬಿಎಂ ಹೊರಗೆ ಬರುತ್ತದೆ. ಒಂದೇ ಟಾಪಿನ ಮೇಲಿರುವ ಎರಡು ಆಂಟೆನಾಗಳ ನಡುವೆ 30 ಡಿಬಿ ಕಳೆಯಿರಿ, −43. ನಿಮ್ಮ ರಿಪೀಟರ್ ರಿಸೀವರ್ −120 ಹತ್ತಿರವೇ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ದನಿ ಮುಚ್ಚಿಡುವ ಗೇಟು) ತೆರೆಯುತ್ತದೆ. ಎಷ್ಟು ಜೋರಾಗಿ ಒಳಗೆ ನುಗ್ಗುತ್ತಿದೆ ಯೋಚನೆ ಮಾಡಿ. ಅದರ ಮೇಲೆ 2 ಮೀಟರಿನ ಕ್ವಾರ್ಟರ್ ವೇವ್ ಕಡ್ಡಿ 435ರಲ್ಲಿ ಮುಕ್ಕಾಲು ವೇವ್ ಆಗಿ ಚೆನ್ನಾಗಿ ರೆಸೊನೇಟ್ ಆಗುತ್ತದೆ. ಅಂದರೆ ನಿಮ್ಮ ಆಂಟೆನಾ ಹಾರ್ಮೋನಿಕ್ಕನ್ನು ತಡೆಯುವುದಿಲ್ಲ, ಸಲೀಸಾಗಿ ಹೊರಗೆ ಕಳಿಸುತ್ತದೆ.

ಫ್ರೀಕ್ವೆನ್ಸಿ ಎಷ್ಟೆಷ್ಟು? ಟೋನ್ (ಮಾತಿನ ಜೊತೆ ಹೋಗುವ ಗುರುತಿನ ದನಿ, ಅದಿದ್ದರಷ್ಟೇ ರಿಸೀವರ್ ತೆರೆಯುತ್ತದೆ) ಯಾವುದು?

ತಾಮ್ರದ_ತಂತಿ

ಸಿಳ್ಳೆ ಅಂದ ತಕ್ಷಣ ನಾನು ಮೊದಲು ನೋಡುವುದು ಆಲ್ಟರ್ನೇಟರ್. ಇಗ್ನಿಷನ್ ವೈರ್ ಹಾಕಿದ ಮೇಲೆ ಶುರುವಾಯಿತು ಅಂತ ನೀವೇ ಬರೆದಿದ್ದೀರಿ. ಅದನ್ನು ಎಲ್ಲಿಂದ ತೆಗೆದಿದ್ದೀರಿ? ಎಸಿಸಿ (ಆಕ್ಸೆಸರಿ) ಲೈನಿನಿಂದಲೋ, ಇಗ್ನಿಷನ್ ಆನ್ ಲೈನಿನಿಂದಲೋ? ಸಪ್ಲೈ ವೈರ್ ಎಷ್ಟು ಸ್ಕ್ವೇರ್ ಎಂಎಂ, ಉದ್ದ ಎಷ್ಟು, ಮೈನಸ್ ಎಲ್ಲಿಗೆ ಕೊಟ್ಟಿದ್ದೀರಿ? ಇದಿಷ್ಟೂ ಹೇಳದೆ ಯಾರೂ ಏನೂ ಹೇಳಲು ಆಗುವುದಿಲ್ಲ.

ಹಳೇ_ರಿಗ್

ಎರಡು ಪ್ರಶ್ನೆ. ಸಿಳ್ಳೆ ಎಲ್ಲ ಜಾಗದಲ್ಲೂ ಬರುತ್ತದಾ, ಕೆಲವು ಕಡೆ ಮಾತ್ರವಾ? ಅದೇ ಚಾನೆಲ್‌ನಲ್ಲಿ ನಿಮ್ಮ ಹತ್ತಿರ ಇನ್ಯಾರಾದರೂ ಇದ್ದಾರಾ?

ಗುಡ್ಡದ_ದನಿ

@ಮುಕ್ಕಾಲು_ವೇವ್ ಮೊಬೈಲ್ ಟಿಎಕ್ಸ್ (ಕಳಿಸುವುದು) 145.175 ಮೆಗಾಹರ್ಟ್ಸ್, ಹ್ಯಾಂಡಿ ಕಡೆ 435.500 ಸಿಂಪ್ಲೆಕ್ಸ್ (ಕಳಿಸಲು, ಕೇಳಲು ಒಂದೇ ಫ್ರೀಕ್ವೆನ್ಸಿ). ಟೋನ್ ಎರಡೂ ಕಡೆ 88.5.

@ತಾಮ್ರದ_ತಂತಿ ಇಗ್ನಿಷನ್ ಸೆನ್ಸ್ ಎಸಿಸಿಯಿಂದ. ಸಪ್ಲೈ ನೇರ ಬ್ಯಾಟರಿಯಿಂದ, 1.5 ಸ್ಕ್ವೇರ್ ಎಂಎಂ, ಸುಮಾರು 5 ಮೀಟರ್, ಫ್ಯೂಸ್ ಇದೆ. ರಿಗ್ಗು, ರಿಪೀಟರ್ರು ಎರಡಕ್ಕೂ ಅದೇ ಲೈನ್. ಮೈನಸ್ ಕೂಡ ಬ್ಯಾಟರಿಗೇ.

ಮುಕ್ಕಾಲು_ವೇವ್

ಸಿಕ್ಕಿತು! 145.175 ಗುಣಿಸು 3 ಅಂದರೆ 435.525. ನಿಮ್ಮ ಹ್ಯಾಂಡಿ ಚಾನೆಲ್‌ನಿಂದ ಬರೀ 25 ಕಿಲೋಹರ್ಟ್ಸ್ ದೂರ. ಹಾರ್ಮೋನಿಕ್‌ನಲ್ಲಿ ಡೀವಿಯೇಷನ್ (ಮಾತಿಗೆ ತಕ್ಕಂತೆ ಫ್ರೀಕ್ವೆನ್ಸಿ ಆಚೆ ಈಚೆ ಸರಿಯುವ ಅಳತೆ) ಕೂಡ ಮೂರು ಪಟ್ಟಾಗುತ್ತದೆ ಅನ್ನುವುದು ನೆನಪಿರಲಿ. 5 ಇದ್ದದ್ದು 15 ಆಗುತ್ತದೆ. ಅದಕ್ಕೆ ಮಾತಿನ 3 ಕಿಲೋಹರ್ಟ್ಸ್ ಸೇರಿಸಿದರೆ ಆಚೆ ಈಚೆ 18 ಕಿಲೋಹರ್ಟ್ಸ್ ಹರಡುತ್ತದೆ. ನಿಮ್ಮ ರಿಸೀವರ್ ಕಿಟಕಿಯ ಅಂಚಿಗೆ ಬಂದು ತಾಗಿತು.

ಟೋನ್ ಎರಡೂ ಕಡೆ 88.5 ಇಟ್ಟಿರುವುದು ಇನ್ನೂ ದೊಡ್ಡ ತೊಂದರೆ. ಹಾರ್ಮೋನಿಕ್‌ನಲ್ಲಿ ಡೀವಿಯೇಷನ್ ಮಾತ್ರ ಮೂರು ಪಟ್ಟಾಗುವುದು, ಟೋನಿನ ಫ್ರೀಕ್ವೆನ್ಸಿ ಹಾಗೇ ಇರುತ್ತದೆ. 88.5 ಹಾಕಿ ಕಳಿಸಿದ್ದು 435.525ರಲ್ಲೂ 88.5 ಆಗಿಯೇ ಬರುತ್ತದೆ. ನಿಮ್ಮ ಟೋನ್ ಡಿಕೋಡರ್ ಅದನ್ನು ತನ್ನದೇ ಹ್ಯಾಂಡಿ ಅಂತ ನಂಬುತ್ತದೆ.

ಮೊಬೈಲ್ ಔಟ್‌ಪುಟ್‌ಗೆ ಲೋ ಪಾಸ್ ಫಿಲ್ಟರ್ (ಮೇಲಿನ ಫ್ರೀಕ್ವೆನ್ಸಿ ತಡೆಯುವಂಥದ್ದು) ಹಾಕಿ. ಹ್ಯಾಂಡಿ ಕಡೆ ಟೋನ್ 123.0 ಮಾಡಿ. ಮುಗಿಯಿತು.

ತಾಮ್ರದ_ತಂತಿ

1.5 ಸ್ಕ್ವೇರ್ ಎಂಎಂನಲ್ಲಿ 50 ವಾಟ್ ರಿಗ್ ಓಡಿಸುತ್ತಿದ್ದೀರಾ? ಹೋಗುವುದು 5 ಮೀಟರ್, ಬರುವುದು 5 ಮೀಟರ್, ಒಟ್ಟು 10 ಮೀಟರ್ ತಾಮ್ರ. ಅದು ಸುಮಾರು 0.13 ಓಮ್. ಟಿಎಕ್ಸ್‌ನಲ್ಲಿ 12 ಆಂಪಿಯರ್ ಎಳೆದರೆ ಒಂದೂವರೆ ವೋಲ್ಟಿಗಿಂತ ಜಾಸ್ತಿ ವೈರಿನಲ್ಲೇ ಹೋಗುತ್ತದೆ. ಅದೇ 4 ಸ್ಕ್ವೇರ್ ಎಂಎಂ ಹಾಕಿದ್ದರೆ 0.6 ವೋಲ್ಟ್ ಅಷ್ಟೇ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.4 ಇದೆ ಅಂದುಕೊಳ್ಳಿ, ರಿಪೀಟರ್‌ಗೆ ಸಿಗುವುದು 11 ಕೂಡ ಇಲ್ಲ. ಆಗ ಯಾವ ಆಪ್ಷನ್ ಸರಿಯಾಗಿ ಓಡುತ್ತದೆ?

ಇನ್ನೊಂದು, ಎಸಿಸಿಯಿಂದ ಸೆನ್ಸ್ ತೆಗೆಯಬಾರದು. ಸೆಲ್ಫ್ ಹೊಡೆಯುವಾಗ ಹೆಚ್ಚಿನ ಗಾಡಿಗಳಲ್ಲಿ ಎಸಿಸಿ ಕಟ್ ಆಗುತ್ತದೆ, ಇಗ್ನಿಷನ್ ಲೈನ್ ಮಾತ್ರ ಉಳಿಯುತ್ತದೆ. ಪ್ರತಿ ಸಲ ಎಂಜಿನ್ ಸ್ಟಾರ್ಟ್ ಮಾಡಿದಾಗಲೂ ನಿಮ್ಮ ರಿಪೀಟರ್ ಸತ್ತು ಹುಟ್ಟುತ್ತಿದೆ.

ಬೇಲಿ_ಆಂಟೆನಾ

ಆಫ್ ಡಿಲೇ 30 ನಿಮಿಷ ಇಟ್ಟಿದ್ದಾರಲ್ಲ, ಎಸಿಸಿ ಎರಡು ಸೆಕೆಂಡ್ ಹೋದರೆ ಏನೂ ಆಗುವುದಿಲ್ಲ. ಡಿಲೇ ಎಣಿಸಲು ಶುರು ಮಾಡುತ್ತದೆ, ಎಸಿಸಿ ವಾಪಸ್ ಬಂದರೆ ನಿಲ್ಲಿಸುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯೇ ಕೆಳಗೆ ಕುಸಿದು ರೀಸೆಟ್ ಆದರೆ ಅದು ಬೇರೆ ಮಾತು.

ತಾಮ್ರದ_ತಂತಿ

ಬ್ಯಾಟರಿ ಕುಸಿಯುವುದನ್ನೂ ನಾನು ಸೇರಿಸಿಯೇ ಹೇಳಿದ್ದು. ಆ ವೈರ್ ಬದಲಿಸಿ ಅಂದರೆ ಬದಲಿಸಿ, ಅಷ್ಟೇ. ಮೈನಸ್ಸನ್ನು ಬ್ಯಾಟರಿ ಟರ್ಮಿನಲ್‌ಗೆ ಕೊಟ್ಟಿದ್ದಾರೆ, ಅದನ್ನೂ ತೆಗೆಯಬೇಕು. ಈಗಿನ ಗಾಡಿಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಬ್ಯಾಟರಿ ಸೆನ್ಸರ್ ಕೂತಿರುತ್ತದೆ. ನೀವು ಅದನ್ನು ದಾಟಿ ನೇರ ಕಂಬಕ್ಕೆ ಕೊಟ್ಟರೆ ನಿಮ್ಮ ರಿಗ್ ಎಳೆಯುವ ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ. ಚಾರ್ಜಿಂಗ್ ಏರುಪೇರಾಗುತ್ತದೆ. ಬಾಡಿ ಅರ್ತ್ ಪಾಯಿಂಟಿಗೆ ಕೊಡಿ.

ಸೋಲ್ಡರ್_ಹೊಗೆ

ಇದನ್ನು ನಾನು ಒಪ್ಪುವುದಿಲ್ಲ. ಸೆನ್ಸರ್ ಇಲ್ಲದ ಗಾಡಿಯಲ್ಲಿ ಬ್ಯಾಟರಿ ಮೈನಸ್ಸೇ ಒಳ್ಳೆಯದು. ಬಾಡಿ ಅರ್ತ್ ಅಂದರೆ ಪೇಂಟು, ತುಕ್ಕು, ಸಡಿಲ ಬೋಲ್ಟು. ಹಳೇ ಗಾಡಿಯಲ್ಲಿ ಎಂಜಿನ್ ಅರ್ತ್ ಪಟ್ಟಿ ಬಿಟ್ಟರೆ ಸ್ಟಾರ್ಟರ್ ಕರೆಂಟು ನಿಮ್ಮ ರಿಗ್ಗಿನ ಕೋಆಕ್ಸ್ ಶೀಲ್ಡ್ ಮೂಲಕ ದಾರಿ ಹುಡುಕುತ್ತದೆ. ನಾನು ಎರಡೂ ಲೈನಿಗೆ ಫ್ಯೂಸ್ ಹಾಕುತ್ತೇನೆ.

ತಾಮ್ರದ_ತಂತಿ

ಮೈನಸ್‌ಗೆ ಫ್ಯೂಸ್ ಹಾಕಿದ್ದು ಹಾರಿತು ಅಂದುಕೊಳ್ಳಿ, ರಿಗ್ ಆಂಟೆನಾ ಶೀಲ್ಡ್ ಮೂಲಕವೇ ಓಡುತ್ತಾ ಇರುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಬಾಡಿ ಅರ್ತ್ ಕೊಡುವಾಗ ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ, ಮೇಲೆ ಗ್ರೀಸ್ ಸವರಿದರೆ ವರ್ಷಗಟ್ಟಲೆ ಏನೂ ಆಗುವುದಿಲ್ಲ.

ಗುಡ್ಡದ_ದನಿ

ಸರ್, ಅರ್ತ್ ವಿಚಾರ ಆಮೇಲೆ ನೋಡೋಣ. ಈಗ ಮಾಡಿದ ಪರೀಕ್ಷೆ ಹೇಳುತ್ತೇನೆ. ಎಂಜಿನ್ ಆನ್ ಮಾಡಿ, ಸಿಳ್ಳೆ ಬರುತ್ತಿರುವಾಗಲೇ ಆಕ್ಸಿಲರೇಟರ್ ಒತ್ತಿದೆವು. ಸಿಳ್ಳೆಯ ದನಿ ಬದಲಾಗಲೇ ಇಲ್ಲ. ಎಂಜಿನ್ ಪೂರ್ತಿ ಆಫ್ ಮಾಡಿದರೂ ಬಂತು. ಆದ್ದರಿಂದ ಆಲ್ಟರ್ನೇಟರ್ ಅಲ್ಲ ಅನಿಸುತ್ತದೆ.

ಹ್ಯಾಂಡಿ ಕಡೆ ಟೋನ್ 123.0 ಮಾಡಿದೆವು. ಸಿಳ್ಳೆ ಹಾಗೇ ಇದೆ. ಲಾಕ್ ಕೂಡ ಹಾಗೇ ಇದೆ.

ಮುಕ್ಕಾಲು_ವೇವ್

ಟೋನ್ ಬದಲಿಸಿದರೆ ರಿಪೀಟರ್ ಸುಳ್ಳು ಸಿಗ್ನಲ್ಲಿಗೆ ಕಳಿಸುವುದು ನಿಲ್ಲುತ್ತದೆ. ಆದರೆ ಹ್ಯಾಂಡಿ ಕೀ ಒತ್ತಿರುವಾಗ ಡಿಕೋಡರ್ ಹೇಗೂ ತೆರೆದೇ ಇರುತ್ತದಲ್ಲ. ಆಗ ಹಾರ್ಮೋನಿಕ್ ಪಕ್ಕದಿಂದ ನುಗ್ಗಿ ಸಿಳ್ಳೆ ಹಾಕುತ್ತದೆ. ಫಿಲ್ಟರ್ ಇಲ್ಲದೆ ಇದು ಹೋಗುವುದಿಲ್ಲ. ಲಾಕ್ ಕೂಡ ಇದರದ್ದೇ ಇನ್ನೊಂದು ಮುಖ.

ಹಳೇ_ರಿಗ್

ಲಾಕ್ ಹೇಗೆ ಅದರದ್ದಾಗುತ್ತದೆ? ಅವರು ಬರೆದದ್ದನ್ನು ಇನ್ನೊಮ್ಮೆ ಓದಿ. ಲಾಕ್ ಆಗುವುದು ಬೇಸ್ ಮಾತಾಡಿದ ಮೇಲೆ, ಯುಹೆಚ್‌ಎಫ್ ಟಿಎಕ್ಸ್. ಆಗ ವಿಹೆಚ್‌ಎಫ್ ರಿಸೀವ್‌ನಲ್ಲಿದೆ, 145.175ರಲ್ಲಿ ಒಂದು ಮಿಲಿವಾಟ್ ಕೂಡ ಹೊರಗೆ ಹೋಗುತ್ತಿಲ್ಲ. ಮೂಲವೇ ಇಲ್ಲದ ಮೇಲೆ ಹಾರ್ಮೋನಿಕ್ ಎಲ್ಲಿಂದ ಬರಬೇಕು?

ಎರಡೂ ತೊಂದರೆಗೆ ಒಂದೇ ಕಾರಣ ಹುಡುಕುವುದು ಬಿಡಿ. ಇವು ಬೇರೆ ಬೇರೆ.

ಮುಕ್ಕಾಲು_ವೇವ್

ಯುಹೆಚ್‌ಎಫ್ ಆರ್‌ಎಫ್ (ರೇಡಿಯೋ ಸಿಗ್ನಲ್) ಸಿಒಆರ್ ವೈರಿಗೆ ಹತ್ತಿರಬಹುದು. ಅದನ್ನು ತಡೆಯುವ ಫೆರೈಟ್ ಮಣಿ ಹಾಕಿ ನೋಡಲಿ. ಸಿಳ್ಳೆ ಮಾತ್ರ ಹಾರ್ಮೋನಿಕ್ಕೇ, ಅದರಲ್ಲಿ ನನಗೆ ಅನುಮಾನ ಇಲ್ಲ. ನನ್ನ ಗಾಡಿಯಲ್ಲೂ ಇದೇ ಆಗಿತ್ತು. ಫಿಲ್ಟರ್ ಹಾಕಿದ ದಿನವೇ ಹೋಯಿತು.

ಬೇಲಿ_ಆಂಟೆನಾ

ವಾದ ಯಾಕೆ, ಪರೀಕ್ಷೆ ಮಾಡಿ ಮುಗಿಸಬಹುದಲ್ಲ. ಮೊಬೈಲ್ ಟಿಎಕ್ಸನ್ನು 145.175ರಿಂದ ತೆಗೆದು 144.600ಕ್ಕೆ ಹಾಕಲಿ. ಹಾರ್ಮೋನಿಕ್ 433.800ಕ್ಕೆ ಹೋಗುತ್ತದೆ, ಹ್ಯಾಂಡಿ ಚಾನೆಲ್‌ನಿಂದ 1.7 ಮೆಗಾಹರ್ಟ್ಸ್ ಆಚೆ. ಇನ್ನೊಂದು ಸೆಟ್ಟಿನಲ್ಲಿ 144.600 ಕೇಳಿದರೆ ಆಯಿತು. ಸಿಳ್ಳೆ ಇದ್ದರೆ ಹಾರ್ಮೋನಿಕ್ ಅಲ್ಲ, ಇಲ್ಲದಿದ್ದರೆ ಮುಕ್ಕಾಲು_ವೇವ್ ಹೇಳಿದ್ದೇ ಸರಿ.

ಸೋಲ್ಡರ್_ಹೊಗೆ

ಇಂಥ ತಲೆನೋವೇ ಬೇಡ ಅಂತ ನಾನು ಶುರುವಿನಿಂದಲೇ ಬೇರೆ ಥರ ಮಾಡಿದ್ದೇನೆ. ಡಿಕ್ಕಿಯಲ್ಲಿ ಎಳೆದರೆ ಹೊರಗೆ ಬರುವ ಅಲ್ಯುಮಿನಿಯಂ ಟ್ರೇ. ಅದರ ಮೇಲೆ ರಿಗ್, ರಿಪೀಟರ್, ಡೈಪ್ಲೆಕ್ಸರ್ (ಎರಡೂ ಬ್ಯಾಂಡನ್ನು ಒಂದೇ ಆಂಟೆನಾಗೆ ಸೇರಿಸುವಂಥದ್ದು). ಮೇಲೆ ಒಂದೇ ಡ್ಯುಯಲ್ ಬ್ಯಾಂಡ್ ಆಂಟೆನಾ. ಸಪ್ಲೈಗೆ ಬೇರೆಯೇ 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಡಿಸಿ ಟು ಡಿಸಿ ಚಾರ್ಜರ್ ಮೂಲಕ ಚಾರ್ಜ್ ಆಗುತ್ತದೆ. ಗಾಡಿಯ ಬ್ಯಾಟರಿಗೂ ರೇಡಿಯೋಗೂ ಸಂಬಂಧವೇ ಇಲ್ಲ. ಸೆಲ್ಫ್ ಹೊಡೆದರೂ ವೋಲ್ಟೇಜ್ ಅಲ್ಲಾಡುವುದಿಲ್ಲ. ಪ್ರತಿ ವೈರಿಗೂ ಎರಡೂ ತುದಿಯಲ್ಲಿ ಲೇಬಲ್ ಇದೆ. ಟ್ರೇ ಬಿಚ್ಚಿ ಇನ್ನೊಂದು ಗಾಡಿಗೆ ಹಾಕಲು 10 ನಿಮಿಷ ಸಾಕು.

ತಾಮ್ರದ_ತಂತಿ

ಡೈಪ್ಲೆಕ್ಸರ್‌ನ ಐಸೊಲೇಷನ್ ಎಷ್ಟು ಅಳೆದಿದ್ದೀರಿ? ನಾನು ಎರಡು ಬೇರೆ ಆಂಟೆನಾನೇ ಇಟ್ಟಿದ್ದೇನೆ. ಮುಂದೆ ವಿಹೆಚ್‌ಎಫ್ 49 ಸೆಂಟಿಮೀಟರ್ ಕಡ್ಡಿ, ಹಿಂದಿನ ತುದಿಗೆ ಯುಹೆಚ್‌ಎಫ್ 16 ಸೆಂಟಿಮೀಟರ್. ನಡುವೆ ಇಡೀ ಟಾಪು. 6 ಸ್ಕ್ವೇರ್ ಎಂಎಂ ವೈರ್, ಬ್ಯಾಟರಿ ಹತ್ತಿರ ಫ್ಯೂಸ್, ಹಿಂದೆ ಬಸ್‌ಬಾರ್. ಫುಲ್ ಪವರ್ ಟಿಎಕ್ಸ್‌ನಲ್ಲೂ ರಿಗ್ ಹತ್ತಿರ 13.5 ಇರುತ್ತದೆ.

ಗುಡ್ಡದ_ದನಿ

ನಮ್ಮ ರಿಗ್ಗುಗಳನ್ನೆಲ್ಲ 144.600ಕ್ಕೆ ಹಾಕಿ ಮಾಡಿದೆವು. ಬೇಸ್‌ನಲ್ಲಿಯೂ ಆ ಚಾನೆಲ್ಲಿಗೆ ಬದಲಿಸಿ ಕೇಳಿದರು. ಸಿಳ್ಳೆ ಬಂತು. ಹಾಗಾಗಿ ಹಾರ್ಮೋನಿಕ್ ಅಲ್ಲ ಅಂತ ಆಯಿತಲ್ಲ? ಇನ್ನೇನು ನೋಡಲಿ?

@ಹಳೇ_ರಿಗ್ ನೀವು ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ. ಎಲ್ಲ ಕಡೆ ಬರುವುದಿಲ್ಲ. ವ್ಯಾನ್ ಒಂದು ಕಡೆ ನಿಂತಿದ್ದರೂ ಹ್ಯಾಂಡಿ ಹಿಡಿದವರು ಕೆಲವು ಜಾಗಕ್ಕೆ ಹೋದಾಗ ಇರುತ್ತದೆ, ಸ್ವಲ್ಪ ಕೆಳಗಿಳಿದು ಕಣಿವೆಗೆ ಹೋದರೆ ಇಲ್ಲ. ಶುರುವಿನಲ್ಲಿ ಸಿಳ್ಳೆ ಸ್ವಲ್ಪ ಎತ್ತರದ ದನಿಯಲ್ಲಿರುತ್ತದೆ. ಜಾಸ್ತಿ ಹೊತ್ತು ಮಾತಾಡಿದರೆ ನಿಧಾನಕ್ಕೆ ಇಳಿಯುತ್ತಾ ಬರುತ್ತದೆ.

ಹಳೇ_ರಿಗ್

ದನಿ ಇಳಿಯುತ್ತಾ ಬರುತ್ತದೆ ಅಂದಿರಲ್ಲ, ಅದು ಬಹಳ ಮುಖ್ಯ. ಅದು ಎರಡು ಕ್ಯಾರಿಯರ್ (ಮಾತು ಹೊರುವ ರೇಡಿಯೋ ಅಲೆ) ಒಂದರ ಮೇಲೊಂದು ಬಿದ್ದಾಗ ಬರುವ ಬೀಟ್. ಒಂದು ರಿಗ್ ಬಿಸಿಯಾಗಿ ಫ್ರೀಕ್ವೆನ್ಸಿ ಸ್ವಲ್ಪ ಜರುಗಿದರೆ ಸಿಳ್ಳೆಯ ದನಿಯೂ ಜರುಗುತ್ತದೆ. 2.5 ಪಿಪಿಎಂ (ಹತ್ತು ಲಕ್ಷಕ್ಕೆ 2.5 ಪಾಲು ತಪ್ಪಬಹುದಾದ) ರಿಗ್ ಅಂದರೆ 145 ಮೆಗಾಹರ್ಟ್ಸ್‌ನಲ್ಲಿ ಆಚೆ ಈಚೆ ಸುಮಾರು 360 ಹರ್ಟ್ಸ್. ಎರಡು ರಿಗ್ಗುಗಳ ನಡುವಿನ ವ್ಯತ್ಯಾಸ ಹೆಚ್ಚೆಂದರೆ 700 ಚಿಲ್ಲರೆ. ಕಿವಿಗೆ ಚೆನ್ನಾಗಿ ಕೇಳುವ ಸಿಳ್ಳೆ ಅದು.

ಈಗ ಹೇಳಿ. ಪ್ರಯಾರಿಟಿ ಆಪ್ಷನ್ ಯಾಕೆ ಆನ್ ಮಾಡಿದಿರಿ? ಒಂದೇ ಗಾಡಿ ಇದ್ದರೆ ಅದರಿಂದ ಏನೂ ಉಪಯೋಗ ಇಲ್ಲ. ಇನ್ನೊಂದು ಗಾಡಿ ಇದೆ ಅಲ್ವಾ?

ಗುಡ್ಡದ_ದನಿ

ಇದೆ. ನಮ್ಮ ತಂಡದ ಜೀಪು. ಅದರಲ್ಲೂ ಇದೇ ರಿಗ್, ಇದೇ ರಿಪೀಟರ್, ಇದೇ ವೈರಿಂಗ್. ಹುಡುಕುವ ಜಾಗದಲ್ಲಿ ಎರಡೂ ಗಾಡಿ ಯಾವಾಗಲೂ ಒಟ್ಟಿಗೇ ಇರುತ್ತವೆ. ಅದಕ್ಕೇ ಪ್ರಯಾರಿಟಿ ಹಾಕಿದ್ದು, ಎರಡೂ ಒಟ್ಟಿಗೆ ಮಾತಾಡಬಾರದು ಅಂತ.

ಬೇಲಿ_ಆಂಟೆನಾ

ಇದನ್ನು ಮೊದಲನೇ ಸಾಲಿನಲ್ಲೇ ಬರೆಯಬೇಕಿತ್ತು.

ಹಳೇ_ರಿಗ್

ಸರಿ, ಈಗ ಪೂರ್ತಿ ಅರ್ಥವಾಯಿತು. ಪ್ರಯಾರಿಟಿ ಹೇಗೆ ಕೆಲಸ ಮಾಡುತ್ತದೆ ಹೇಳುತ್ತೇನೆ, ನಿಮ್ಮ ಮ್ಯಾನ್ಯುಯಲ್‌ನಲ್ಲಿರುವ ಇದೇ ಭಾಗ ಪಕ್ಕಕ್ಕೆ ಇಟ್ಟುಕೊಂಡು ಓದಿ.

ರಿಪೀಟರ್ ಆನ್ ಆದ ಕೂಡಲೇ ಯುಹೆಚ್‌ಎಫ್‌ನಲ್ಲಿ ಒಂದು ಪುಟ್ಟ ಟೋನ್ ಕಳಿಸುತ್ತದೆ, ಆಮೇಲೆ ತನ್ನನ್ನು 1 ಅಂತ ಅಂದುಕೊಳ್ಳುತ್ತದೆ. ಆ ಟೋನ್ ಕೇಳಿಸಿಕೊಂಡ ಬೇರೆ ರಿಪೀಟರ್‌ಗಳು ತಮ್ಮ ನಂಬರನ್ನು ಒಂದೊಂದು ಏರಿಸಿಕೊಳ್ಳುತ್ತವೆ. ಮೊದಲಿದ್ದದ್ದು 2 ಆಗುತ್ತದೆ, 2 ಇದ್ದದ್ದು 3 ಆಗುತ್ತದೆ. ಟೋಕನ್ ಕೊಟ್ಟು ಸಾಲು ನಿಲ್ಲಿಸಿದ ಹಾಗೆ, ಆದರೆ ಇಲ್ಲಿ ಕೊನೆಗೆ ಬಂದವನಿಗೆ ಮೊದಲ ಟೋಕನ್. 1 ಇರುವವನು ಮಾತ್ರ ಮಾತು ದಾಟಿಸುತ್ತಾನೆ. ಹ್ಯಾಂಡಿ ಕೀ ಒತ್ತಿದರೂ ಯಾರೂ ದಾಟಿಸದಿದ್ದರೆ ಉಳಿದವರು ಒಂದೊಂದು ಇಳಿಸಿಕೊಂಡು ಯಾರೋ ಒಬ್ಬರು 1 ಆಗುತ್ತಾರೆ.

ಇಡೀ ಏರ್ಪಾಡು ನಿಂತಿರುವುದು ಆ ಒಂದು ಟೋನ್ ಪಕ್ಕದ ಗಾಡಿಗೆ ಕೇಳಿಸುವುದರ ಮೇಲೆ. ಈಗ ನಿಮ್ಮ ಇಗ್ನಿಷನ್ ಸೆನ್ಸ್ ನೋಡಿ. ನೀವು ಹೊರಡುವ ಜಾಗದಲ್ಲಿ ಕೀ ತಿರುಗಿಸಿದ ಕೂಡಲೇ ರಿಪೀಟರ್ ಆನ್. ಟೋನ್ ಅಲ್ಲೇ ಹೋಗಿ ಮುಗಿಯಿತು. ಜೀಪು ಬೇರೆ ಕಡೆಯಿಂದ ಹೊರಟರೆ ಅದರ ಟೋನೂ ಅಲ್ಲೇ ಮುಗಿಯಿತು. ಎರಡು ವಾಟಿನ ಯುಹೆಚ್‌ಎಫ್, ಒಂದಕ್ಕೊಂದು ಕೇಳಿಸಲೇ ಇಲ್ಲ. ಎರಡೂ ತಾನೇ 1 ಅಂದುಕೊಂಡು ಒಂದೇ ಜಾಗಕ್ಕೆ ಬಂದು ನಿಂತವು. ಹ್ಯಾಂಡಿ ಎರಡಕ್ಕೂ ಕೇಳಿಸುವ ಕಡೆ ಇದ್ದರೆ ಎರಡೂ ದಾಟಿಸುತ್ತವೆ, ಬೇಸ್‌ನಲ್ಲಿ ಸಿಳ್ಳೆ. ಕಣಿವೆಗೆ ಇಳಿದಾಗ ಒಂದಕ್ಕೆ ಮಾತ್ರ ಕೇಳಿಸುತ್ತದೆ, ಸಿಳ್ಳೆ ಇಲ್ಲ.

ಬೇಸ್ ಮಾತಾಡುವಾಗ ಹ್ಯಾಂಡಿಗಳಲ್ಲಿ ಸಿಳ್ಳೆ ಕಮ್ಮಿ ಇರುತ್ತದೆ, ಯಾಕೆ ಅಂತಲೂ ಹೇಳಿಬಿಡುತ್ತೇನೆ. ಎಫ್‌ಎಂ ರಿಸೀವರ್ ಜೋರಾದ ಕ್ಯಾರಿಯರನ್ನು ಹಿಡಿದುಕೊಂಡು ಸಣ್ಣದನ್ನು ಒತ್ತಿಹಾಕುತ್ತದೆ. ಹ್ಯಾಂಡಿಗೆ ಹತ್ತಿರದ ಗಾಡಿ ಗೆಲ್ಲುತ್ತದೆ. ಬೇಸ್‌ಗೆ ಎರಡೂ ಗಾಡಿ ಸರಿಸುಮಾರು ಒಂದೇ ದೂರ, ಒಂದೇ ಪವರ್. ಅಲ್ಲಿ ಯಾರೂ ಗೆಲ್ಲುವುದಿಲ್ಲ.

ಪರೀಕ್ಷೆ ಸುಲಭ. ಸಿಳ್ಳೆ ಬರುತ್ತಿರುವಾಗ ಜೀಪಿನ ರಿಪೀಟರ್ ಆಫ್ ಮಾಡಿ.

ಗುಡ್ಡದ_ದನಿ

ಮಾಡಿದೆವು. ಜೀಪಿನದು ಆಫ್ ಮಾಡಿದ ಕ್ಷಣ ಸಿಳ್ಳೆ ನಿಂತಿತು. ಬೇಸ್‌ನಲ್ಲಿ ಮಾತು ಸ್ಪಷ್ಟ. ಆಮೇಲೆ ವ್ಯಾನ್ ಪಕ್ಕದಲ್ಲೇ ಜೀಪಿನದನ್ನು ಮತ್ತೆ ಆನ್ ಮಾಡಿದರೆ ವ್ಯಾನ್ ಸುಮ್ಮನಾಗಿ ಜೀಪು ಮಾತ್ರ ದಾಟಿಸಿತು. ನೀವು ಹೇಳಿದ ಹಾಗೇ ಆಯಿತು ಸರ್, ಬಹಳ ಉಪಕಾರ.

ಆದರೆ ಲಾಕ್? ಅದು ಜೀಪು ಆಫ್ ಇದ್ದರೂ ಇದೆ.

ಮುಕ್ಕಾಲು_ವೇವ್

ಸಿಳ್ಳೆ ಬೀಟ್ ಅಂತ ಒಪ್ಪುತ್ತೇನೆ. ಆದರೂ 25 ಕಿಲೋಹರ್ಟ್ಸ್ ಪಕ್ಕದಲ್ಲಿ ಹಾರ್ಮೋನಿಕ್ ಇಟ್ಟುಕೊಂಡು ಕೂರುವುದು ಒಳ್ಳೆಯದಲ್ಲ. ಹ್ಯಾಂಡಿ ದೂರ ಹೋಗಿ ಸಿಗ್ನಲ್ ಸಣ್ಣದಾದಾಗ ಅದು ಕಾಣಿಸಿಕೊಳ್ಳುತ್ತದೆ. ಆ 435.500 ಬಿಟ್ಟು ಬೇರೆ ಚಾನೆಲ್ ನೋಡಿ, ಇಲ್ಲ ಫಿಲ್ಟರ್ ಹಾಕಿ.

ಹಳೇ_ರಿಗ್

ಅದರಲ್ಲಿ ನನ್ನ ತಕರಾರಿಲ್ಲ, ಒಳ್ಳೆಯ ಸಲಹೆ. ಹ್ಯಾಂಡಿ ಕಡೆಯ ಟೋನ್ 123.0 ಮಾಡಿದ್ದನ್ನೂ ಹಾಗೇ ಇಟ್ಟುಕೊಳ್ಳಿ. ಎರಡೂ ಗಾಡಿಯಲ್ಲಿ ಒಂದೇ ಇರಬೇಕು.

ಲಾಕ್‌ಗೆ ಬರೋಣ. ಅದು ಕೀ ಆನ್ ಇದ್ದಾಗಲೂ ಆಗುತ್ತದಾ, ಕೀ ತೆಗೆದ ಮೇಲೆ ಮಾತ್ರವಾ? ಮಲ್ಟಿಮೀಟರಿನಲ್ಲಿ ಸಿಒಆರ್ ಪಿನ್ ಎರಡೂ ಸಂದರ್ಭದಲ್ಲಿ ಅಳೆದು ಹೇಳಿ. ಆ ಲೈನಿಗೆ ರಿಗ್ಗು, ರಿಪೀಟರ್ ಬಿಟ್ಟು ಬೇರೆ ಏನಾದರೂ ಸೇರಿಸಿದ್ದೀರಾ ಅನ್ನುವುದನ್ನೂ ಹೇಳಿ.

ಗುಡ್ಡದ_ದನಿ

ಕೀ ಆನ್ ಇದ್ದಾಗ ಆಗುವುದಿಲ್ಲ. ಕೀ ತೆಗೆದು ಡಿಲೇಯಲ್ಲಿ ಓಡುತ್ತಿರುವಾಗ, ಬೇಸ್ ಒಮ್ಮೆ ಮಾತಾಡಿದ ಮೇಲೆ ಹಿಡಿದುಕೊಳ್ಳುತ್ತದೆ.

ಅಳತೆ ಹೀಗಿದೆ. ಕೀ ಆನ್, ಯಾರೂ ಮಾತಾಡುತ್ತಿಲ್ಲ: 12ರ ಹತ್ತಿರ. ಬೇಸ್ ಮಾತಾಡುವಾಗ: 0.1. ಕೀ ತೆಗೆದ ಮೇಲೆ, ಬೇಸ್ ಮಾತು ನಿಲ್ಲಿಸಿದ ಬಳಿಕ: 0.7, 0.9, ಹೀಗೆ ಒಂದು ಕಡೆ ನಿಲ್ಲುವುದಿಲ್ಲ. ಮೀಟರಿನ ಕಡ್ಡಿ ಹಿಡಿದ ಬೆರಳು ಸ್ವಲ್ಪ ಅಲ್ಲಾಡಿದರೂ ಬದಲಾಗುತ್ತದೆ.

ಸೇರಿಸಿರುವುದು ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ಎಲ್‌ಇಡಿ ಅಷ್ಟೇ, ಬೇಸ್ ಕರೆದರೆ ಡ್ರೈವರಿಗೆ ಗೊತ್ತಾಗಲಿ ಅಂತ. ಎಸಿಸಿಯಿಂದ 1 ಕೆ ರೆಸಿಸ್ಟರ್, ಎಲ್‌ಇಡಿ, ಅಲ್ಲಿಂದ ಸಿಒಆರ್ ಪಿನ್.

ಹಳೇ_ರಿಗ್

ಸಿಕ್ಕಿತು ನೋಡಿ. ನಿಮ್ಮ ರಿಗ್ಗಿನ ಸಿಒಆರ್ ಓಪನ್ ಕಲೆಕ್ಟರ್. ಸಿಗ್ನಲ್ ಬಂದಾಗ ಒಳಗಿನ ಟ್ರಾನ್ಸಿಸ್ಟರ್ ಲೈನನ್ನು ಕೆಳಗೆ ಎಳೆಯುತ್ತದೆ, ಸಿಗ್ನಲ್ ಹೋದಾಗ ಬರೀ ಬಿಟ್ಟುಬಿಡುತ್ತದೆ. ಮೇಲಕ್ಕೆ ಎತ್ತುವ ಕೆಲಸ ಅದರದ್ದಲ್ಲ. ಅದಕ್ಕೆ ಪುಲ್ ಅಪ್ ರೆಸಿಸ್ಟರ್ ಬೇಕು. ನಿಮ್ಮಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಆ ಎಲ್‌ಇಡಿಯೇ. ಎಸಿಸಿ ಇರುವಷ್ಟು ಹೊತ್ತು ಅದು ಲೈನನ್ನು ಮೇಲಕ್ಕೆ ಎಳೆದಿಟ್ಟಿತ್ತು. ಕೀ ತೆಗೆದ ಕೂಡಲೇ ಎಸಿಸಿ ಇಲ್ಲ, ಲೈನ್ ತೇಲಾಡುತ್ತದೆ. ಬೇಸ್ ಒಮ್ಮೆ ಕರೆದರೆ ಕೆಳಗೆ ಹೋದದ್ದು ಮೇಲೆ ಬರುವುದೇ ಇಲ್ಲ. ರಿಪೀಟರ್ ಪಾಲಿಗೆ ಬೇಸ್ ಇನ್ನೂ ಮಾತಾಡುತ್ತಲೇ ಇದೆ. ಟೈಮ್‌ಔಟ್ ಆದ ಮೇಲೂ ಸಿಒಆರ್ ಬಿಡದ ಕಾರಣ ಮುಂದಿನ ಕರೆ ಹೊಸ ಕರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನೀವು ಮೊದಲು ಬರೆದ ಲಕ್ಷಣಕ್ಕೆ ಪೂರ್ತಿ ಕೂಡುತ್ತದೆ.

ಇನ್ನೊಂದು ಅಪಾಯ ಇದೆ. ರಿಪೀಟರ್ ಒಳಗಿನ ಲಾಜಿಕ್ 5 ವೋಲ್ಟಿನದ್ದಾಗಿದ್ದರೆ ನೀವು ಅದಕ್ಕೆ 12 ಕೊಡುತ್ತಿದ್ದೀರಿ. ಮೊದಲು ಎಲ್‌ಇಡಿ ಬಿಚ್ಚಿ. ಸಿಒಆರ್ ಲೈನಿನಿಂದ ರಿಪೀಟರ್‌ನ 5 ವೋಲ್ಟ್ ಪಿನ್ನಿಗೆ 4.7 ಕೆ ಅಥವಾ 10 ಕೆ ಹಾಕಿ. ಕೆಲವು ಯುನಿಟ್‌ಗಳಲ್ಲಿ ಒಳಗೇ ಪುಲ್ ಅಪ್ ಜಂಪರ್ ಇರುತ್ತದೆ, ನೋಡಿಕೊಳ್ಳಿ. ಎಲ್‌ಇಡಿ ಬೇಕೇ ಬೇಕು ಅಂದರೆ ಮಧ್ಯೆ ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್ ಹಾಕಿ. ಎಮಿಟರ್ ಅದೇ 5 ವೋಲ್ಟಿಗೆ, ಟ್ರಾನ್ಸಿಸ್ಟರಿನ ಬೇಸಿಗೆ 47 ಕೆ ಮೂಲಕ ಸಿಒಆರ್, ಕಲೆಕ್ಟರಿನಿಂದ ರೆಸಿಸ್ಟರ್, ಎಲ್‌ಇಡಿ, ಅರ್ತ್. ಲೈನ್ ಮೇಲೆ ಹೊರೆ ಬೀಳುವುದಿಲ್ಲ, 12 ವೋಲ್ಟ್ ಕೂಡ ಹತ್ತಿರ ಸುಳಿಯುವುದಿಲ್ಲ.

ಗುಡ್ಡದ_ದನಿ

ಜಂಪರ್ ಇತ್ತು, ಹಾಕಿರಲಿಲ್ಲ. ಎಲ್‌ಇಡಿ ಬಿಚ್ಚಿ ಜಂಪರ್ ಹಾಕಿದೆ. ಈಗ ಕೀ ಇದ್ದರೂ ಇಲ್ಲದಿದ್ದರೂ 4.9 ವೋಲ್ಟ್, ಬೇಸ್ ಮಾತಾಡಿದರೆ 0.1, ನಿಲ್ಲಿಸಿದ ಕೂಡಲೇ ಮತ್ತೆ 4.9. ಲಾಕ್ ಹೋಯಿತು. ಜೀಪಿನಲ್ಲೂ ಹಾಗೇ ಮಾಡಿದ್ದೇವೆ.

ಇನ್ನು ಪ್ರಯಾರಿಟಿಗೆ ಏನು ಮಾಡಲಿ? ಇಗ್ನಿಷನ್ ಸೆನ್ಸ್ ತೆಗೆದುಬಿಡಲಾ? ಡ್ರೈವರ್ ಆಫ್ ಮಾಡಲು ಮರೆತರೆ ಬ್ಯಾಟರಿ ಇಳಿಯುತ್ತದೆ ಅನ್ನುವ ಭಯ.

ಬೇಲಿ_ಆಂಟೆನಾ

ರಿಪೀಟರ್‌ನ ಎನೇಬಲ್ ಪಿನ್ನಿಗೆ (ಅದನ್ನು ಆನ್ ಮಾಡುವ ಪಿನ್) ಹ್ಯಾಂಡ್‌ಬ್ರೇಕ್ ಸ್ವಿಚ್ಚಿನಿಂದ ಲೈನ್ ಕೊಡಿ. ಜಾಗಕ್ಕೆ ಬಂದು ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ ರಿಪೀಟರ್ ಆನ್ ಆಗುತ್ತದೆ, ಟೋನ್ ಅಲ್ಲೇ ಹೋಗುತ್ತದೆ, ಪಕ್ಕದ ಗಾಡಿಗೆ ಕೇಳಿಸುತ್ತದೆ.

ತಾಮ್ರದ_ತಂತಿ

ಒಳ್ಳೆಯ ಯೋಚನೆ, ಆದರೆ ನೋಡಿಕೊಂಡು ಮಾಡಿ. ಹೆಚ್ಚಿನ ಗಾಡಿಗಳಲ್ಲಿ ಆ ಸ್ವಿಚ್ ಲೈನನ್ನು ಅರ್ತ್ ಮಾಡುತ್ತದೆ, 12 ವೋಲ್ಟ್ ಕೊಡುವುದಿಲ್ಲ. ಎನೇಬಲ್ ಪಿನ್ನಿಗೆ 12 ಬೇಕಿದ್ದರೆ ರಿಲೇ ಹಾಕಬೇಕು, ಕಾಯಿಲ್ ಮೇಲೆ 1ಎನ್4007 ಡಯೋಡ್ ತಪ್ಪದೆ ಹಾಕಿ. ಬ್ರೇಕ್ ಆಯಿಲ್ ಕಮ್ಮಿಯಾದರೂ ಎಷ್ಟೋ ಗಾಡಿಯಲ್ಲಿ ಅದೇ ದೀಪ ಹತ್ತುತ್ತದೆ, ಹಾಗಾಗಿ ದೀಪದ ವೈರಿನಿಂದ ತೆಗೆಯಬೇಡಿ, ಸ್ವಿಚ್ಚಿನ ಹತ್ತಿರ ತೆಗೆದು ಡಯೋಡ್ ಹಾಕಿ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಈ ಆಸೆ ಬಿಡಿ. ಆ 1.5 ಸ್ಕ್ವೇರ್ ಎಂಎಂ ವೈರ್ ಬದಲಿಸಿದಿರಾ?

ಹಳೇ_ರಿಗ್

ಬ್ರೇಕ್ ಸರ್ಕ್ಯೂಟಿಗೆ ಕೈ ಹಾಕುವುದು ನನಗೆ ಇಷ್ಟವಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಸಾದಾ ಸ್ವಿಚ್ ಸಾಕು. ಇಗ್ನಿಷನ್ ಸೆನ್ಸ್ ಇರಲಿ, ಆಫ್ ಡಿಲೇಯೂ ಇರಲಿ, ಬ್ಯಾಟರಿ ಕಾಯುವುದು ಅವೇ. ಸ್ವಿಚ್ ಎನೇಬಲ್ ಪಿನ್ನಿಗೆ ಬರಲಿ. ಜಾಗಕ್ಕೆ ಬಂದ ಮೇಲೆ ಒತ್ತಬೇಕು, ಹೊರಡುವಾಗ ತೆಗೆಯಬೇಕು. ಒತ್ತುವ ಮೊದಲು ಚಾನೆಲ್ ಖಾಲಿ ಇದೆಯಾ ಅಂತ ಕೇಳಿಸಿಕೊಳ್ಳಲು ಡ್ರೈವರಿಗೆ ಹೇಳಿ. ಪಕ್ಕದ ಗಾಡಿ ಆ ಹೊತ್ತಿಗೆ ಯುಹೆಚ್‌ಎಫ್‌ನಲ್ಲಿ ಟಿಎಕ್ಸ್ ಮಾಡುತ್ತಿದ್ದರೆ ನಿಮ್ಮ ಟೋನ್ ಅದಕ್ಕೆ ಕೇಳಿಸುವುದಿಲ್ಲ, ಮತ್ತೆ ಇಬ್ಬರೂ 1 ಆಗುತ್ತಾರೆ.

ಗುಡ್ಡದ_ದನಿ

ಸ್ವಿಚ್ಚೇ ಹಾಕುತ್ತೇವೆ. 4 ಸ್ಕ್ವೇರ್ ಎಂಎಂ ವೈರ್ ತಂದಿದ್ದೇನೆ, ಮೈನಸ್ ಎಲ್ಲಿಗೆ ಅನ್ನುವುದನ್ನು ಟರ್ಮಿನಲ್ ಮೇಲೆ ಸೆನ್ಸರ್ ಇದೆಯಾ ಅಂತ ನೋಡಿ ತೀರ್ಮಾನ ಮಾಡುತ್ತೇನೆ. @ಮುಕ್ಕಾಲು_ವೇವ್ ಲೋ ಪಾಸ್ ಫಿಲ್ಟರ್ ರಿಗ್ಗಿನ ಹತ್ತಿರ ಹಾಕಬೇಕಾ, ಆಂಟೆನಾ ಬುಡದಲ್ಲಾ?

ಮುಕ್ಕಾಲು_ವೇವ್

ರಿಗ್ಗಿನ ಹತ್ತಿರ, ಆದಷ್ಟು ಗಿಡ್ಡ ಜಂಪರ್ ಕೇಬಲ್ ಇಟ್ಟು. ಪೆಟ್ಟಿಗೆಯ ಬಾಡಿ ರಿಗ್ಗಿನ ಬ್ರಾಕೆಟ್ಟಿಗೇ ಬೋಲ್ಟ್ ಮಾಡಿ. 50 ವಾಟ್ ತಡೆಯುವಂಥದ್ದೇ ಆಗಿರಬೇಕು. ಹಾಕಿದ ಮೇಲೆ ಎಸ್‌ಡಬ್ಲ್ಯುಆರ್ (ಆಂಟೆನಾ ಕಡೆಯಿಂದ ಪವರ್ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ) ಮತ್ತೊಮ್ಮೆ ನೋಡಿ. ಹ್ಯಾಂಡಿಯನ್ನು ದೂರ ಕಳಿಸಿ, ಫಿಲ್ಟರ್ ಇದ್ದು ಒಮ್ಮೆ, ತೆಗೆದು ಒಮ್ಮೆ ಕೇಳಿ ಇಲ್ಲೇ ಬರೆಯಿರಿ.